ಜೆಟ್ಟಿಗೆ ಕಟ್ಟಿದ ಹಾಯಿದೋಣಿಗೆ ಮಳೆಗಾಲದ ಆರೈಕೆ

ಹಾಯಿದೋಣಿ ಸಮುದ್ರದಲ್ಲಿ ಓಡುವಾಗ ಕೆಡುವುದಕ್ಕಿಂತ ಜೆಟ್ಟಿಯಲ್ಲಿ ಸುಮ್ನೆ ನಿಂತಾಗ ಕೆಡುವುದೇ ಜಾಸ್ತಿ. ಓಡುವಾಗ ಮೈಯೆಲ್ಲ ಕಣ್ಣಾಗಿರುತ್ತೇವೆ. ಕಟ್ಟಿಹಾಕಿದ ಮೇಲೆ ಮರೆತುಬಿಡುತ್ತೇವೆ. ಗೋವಾ, ಕಾರವಾರ, ಮಂಗಳೂರು ದಾಟಿ ಮಾಲ್ಡೀವ್ಸ್‌ಗೋ ಶ್ರೀಲಂಕಾಕ್ಕೋ ಹೊರಟವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಾದರೂ ನಿಲ್ಲಲೇಬೇಕು. ಮುಂಗಾರಿನಲ್ಲಿ ಪಶ್ಚಿಮ ತೀರದ ಕಡಲು ಯಾರ ಮಾತನ್ನೂ ಕೇಳುವುದಿಲ್ಲ. ಹೀಗೆ ಕೊಚ್ಚಿಯ ಬೋಲ್ಗಟ್ಟಿ ದ್ವೀಪದ ಮರೀನಾದಲ್ಲಿ ದೋಣಿ ಕಟ್ಟಿ, ತೋಟದ ಕೆಲಸಕ್ಕೆಂದು ಕೊಡಗಿಗೆ ಬರುವ ನಮ್ಮ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ನೌಕಾಪಡೆಯ ಇಂಜಿನ್ ರೂಮಿನಲ್ಲಿ ದುಡಿದವನು. ನೀರು, ಉಪ್ಪು, ಲೋಹ ಈ ಮೂರರ ಜೊತೆ ಬಹಳ ವರ್ಷ ಕಳೆದಿದ್ದೇನೆ.

ಮೊದಲು ದೋಣಿ ಮುಳುಗದಂತೆ ನೋಡಿಕೊಳ್ಳಬೇಕು. ದೋಣಿಯ ತಳದಲ್ಲಿ ನೀರು ಒಳಗೆ ಹೊರಗೆ ಹೋಗುವ ತೂತುಗಳಿಗೆಲ್ಲ ಸೀಕಾಕ್ ಅನ್ನುವ ವಾಲ್ವ್ ಇರುತ್ತದೆ. ಊರಿಗೆ ಹೊರಡುವ ಮೊದಲು ಇಂಜಿನ್, ಟಾಯ್ಲೆಟ್, ಸಿಂಕ್ ಇವುಗಳ ಸೀಕಾಕ್‌ಗಳನ್ನು ಮುಚ್ಚಿ. ಮುಚ್ಚುವ ಮೊದಲು ಎರಡು ಮೂರು ಸಲ ತೆರೆದು ಮುಚ್ಚಿ ಮಾಡಿ, ಇಲ್ಲದಿದ್ದರೆ ಬಿಗಿದುಕೊಂಡು ಕೂರುತ್ತವೆ. ಆದರೆ ಕಾಕ್‌ಪಿಟ್‌ನ, ಅಂದರೆ ದೋಣಿ ನಡೆಸುವವರು ಕೂರುವ ತೆರೆದ ತಗ್ಗಿನ, ಮಳೆನೀರು ಹೊರಗೆ ಹೋಗುವ ದಾರಿಯನ್ನು ಮಾತ್ರ ಮುಚ್ಚಬೇಡಿ. ಅದು ಮುಚ್ಚಿದ್ದರೆ, ಅಥವಾ ಒಂದು ಎಲೆ ಬಂದು ಕೂತರೆ, ಒಂದೇ ರಾತ್ರಿಯ ಮಳೆಗೆ ಕಾಕ್‌ಪಿಟ್ ತುಂಬಿ ನೀರು ಒಳಕ್ಕೆ ಇಳಿಯುತ್ತದೆ.

ದೋಣಿಯ ತಳಗುಂಡಿಯನ್ನು, ಅಂದರೆ ಬಿಲ್ಜನ್ನು, ಬಟ್ಟೆ ಹಾಕಿ ಪೂರಾ ಒರೆಸಿ ಒಣಗಿಸಿ. ಒಣಗಿದ್ದರೆ ತಾನೇ ಹೊಸ ನೀರು ಬಂದದ್ದು ಗೊತ್ತಾಗುವುದು? ಬಂದ ನೀರನ್ನು ನಾಲಿಗೆಗೆ ತಾಗಿಸಿ ನೋಡುವುದು ಹಳಬರ ರೂಢಿ. ಉಪ್ಪಾಗಿದ್ದರೆ ತಳದಿಂದ ಬಂದದ್ದು, ಸಪ್ಪೆಯಾಗಿದ್ದರೆ ಮಳೆಯದ್ದು. ಮಳೆಗಾಲದ ಕೊಚ್ಚಿಯಲ್ಲಿ ಈ ಲೆಕ್ಕ ನಂಬಬೇಡಿ. ಪೆರಿಯಾರ್, ಮೂವಾಟುಪುಳ ನದಿಗಳು ತುಂಬಿ ಹರಿದು ಹಿನ್ನೀರಿನ ಮೇಲ್ಪದರವೆಲ್ಲ ಹೆಚ್ಚುಕಡಿಮೆ ಸಿಹಿನೀರಾಗಿರುತ್ತದೆ. ಸಪ್ಪೆ ನೀರು ಕಂಡು ಮಳೆನೀರು ಅಂತ ಸುಮ್ಮನಾದರೆ ಕೆಟ್ಟಿರಿ. ಬಿಲ್ಜ್ ಪಂಪಿನ ಫ್ಲೋಟ್ ಸ್ವಿಚ್ಚನ್ನು, ಅಂದರೆ ನೀರೇರಿದಾಗ ತೇಲಿ ಪಂಪ್ ಹಚ್ಚುವ ಸ್ವಿಚ್ಚನ್ನು, ಕೈಯಿಂದ ಎತ್ತಿ, ಪಂಪ್ ಓಡುತ್ತದೆಯೇ ನೋಡಿ. ಪಂಪ್ ಸೋರಿಕೆಗೆ ಮದ್ದಲ್ಲ, ನಮಗೆ ಸ್ವಲ್ಪ ಸಮಯ ಕೊಡುತ್ತದೆ ಅಷ್ಟೇ. ಅದನ್ನು ಓಡಿಸುವ ಬ್ಯಾಟರಿಯೂ ಸರಿಯಿರಬೇಕು. ಸೀಸ-ಆಮ್ಲದ ಬ್ಯಾಟರಿ ತುಂಬಿದ್ದರೆ ಸುಮಾರು 12.7 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿಯಿತು ಅಂದರೆ ಅರ್ಧ ಖಾಲಿ.

ಇದೇ ಸಿಹಿನೀರು ಇನ್ನೊಂದು ಕೆಲಸ ಮಾಡುತ್ತದೆ. ಪ್ರೊಪೆಲ್ಲರ್, ಅದರ ಶಾಫ್ಟ್ ತುಕ್ಕು ತಿನ್ನದಿರಲಿ ಅಂತ ನೀರಿನಡಿ ಸತುವಿನ ತುಂಡು ಕಟ್ಟಿರುತ್ತೇವೆ, ಆನೋಡ್ ಅಂತ. ಬೇರೆ ಲೋಹದ ಬದಲು ತಾನು ಸವೆಯುವುದೇ ಅದರ ಕೆಲಸ. ಉಪ್ಪುನೀರಿನಲ್ಲಿ ಸತು ಚೆನ್ನಾಗಿ ದುಡಿಯುತ್ತದೆ. ಸಿಹಿನೀರಿನಲ್ಲಿ ಅದರ ಮೇಲೆ ಬಿಳಿ ಪದರ ಕಟ್ಟಿ ಕೆಲಸ ನಿಂತುಹೋಗುತ್ತದೆ. ನೋಡಿದರೆ ತುಂಡು ಹಾಗೇ ಇದೆ ಅಂತ ಸಮಾಧಾನ, ಒಳಗೆ ಪ್ರೊಪೆಲ್ಲರ್ ಕರಗುತ್ತಿರುತ್ತದೆ. ಮಳೆಗಾಲ ಪೂರ್ತಿ ಕೊಚ್ಚಿಯಲ್ಲೇ ನಿಲ್ಲುವವರು ಅಲ್ಯೂಮಿನಿಯಂ ಆನೋಡ್ ಹಾಕಿಸಿಕೊಳ್ಳಿ, ಅದು ಎರಡೂ ನೀರಿಗೆ ಹೊಂದುತ್ತದೆ. ಜೆಟ್ಟಿಯ ಕರೆಂಟ್ ತೆಗೆದುಕೊಂಡರೆ ಅರ್ಥಿಂಗ್ ತಂತಿಯಿಂದ ಅಕ್ಕಪಕ್ಕದ ದೋಣಿಗಳೆಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಆಗ ಪಕ್ಕದವರ ಪ್ರೊಪೆಲ್ಲರ್ ಕಾಯುವುದಕ್ಕೆ ನಿಮ್ಮ ಆನೋಡ್ ಸವೆಯುತ್ತದೆ. ಅರ್ಥಿಂಗ್ ತಂತಿಯಲ್ಲಿ ಈ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಿ, ಇಲ್ಲವೇ ಊರಿಗೆ ಬರುವಾಗ ಪ್ಲಗ್ ಕಿತ್ತು ಬ್ಯಾಟರಿಗೆ ಒಂದು ಸೋಲಾರ್ ಫಲಕ ಜೋಡಿಸಿ.

ಬೂಷ್ಟಿನ ವಿಷಯ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಕ್ಕಡದ, ಅಂದರೆ ಆಟಿ ತಿಂಗಳ, ಮಳೆಯಲ್ಲಿ ಬೀಗ ಹಾಕಿದ ಮನೆಯೊಳಗೆ ಬೂಟು, ಬೆಲ್ಟು, ಹಾಸಿಗೆ ಏನಾಗುತ್ತದೋ ದೋಣಿಯೊಳಗೂ ಅದೇ ಆಗುತ್ತದೆ. ಕಪಾಟು, ನೆಲಹಲಗೆ, ಫ್ರಿಜ್ ಬಾಗಿಲು ಎಲ್ಲವನ್ನೂ ತೆರೆದಿಡಿ. ಹಾಸಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ. ಹಾಯಿಯ ಬುಡದ ಅಡ್ಡಕಂಬದ, ಅಂದರೆ ಬೂಮ್‌ನ, ಮೇಲೆ ಟಾರ್ಪಾಲು ಇಳಿಜಾರಾಗಿ ಕಟ್ಟಿ, ಎರಡು ತುದಿಯಲ್ಲೂ ಗಾಳಿಗೆ ದಾರಿ ಬಿಡಿ. ಗೋಡೆ, ಸೀಲಿಂಗನ್ನು ಬಿಳಿ ವಿನೆಗರಿನಲ್ಲಿ ಒರೆಸಿ. ನಮ್ಮ ಕಪ್ಪು ಹುಳಿ ಕಾಚಂಪುಳಿಯನ್ನು ಅಲ್ಲಿಗೆ ತೆಗೆದುಕೊಂಡು ಹೋಗಬೇಡಿ, ಅದು ಹಂದಿಕರಿಗೆ ಇರಲಿ, ದೋಣಿಗೆ ಕರಿ ಕಲೆ ಬಿಡುತ್ತದೆ. ಟಾಯ್ಲೆಟ್‌ಗೆ ಚೆನ್ನಾಗಿ ಸಿಹಿನೀರು ಪಂಪ್ ಮಾಡಿ ಹೊರಡಿ. ಪೈಪಿನಲ್ಲಿ ಕಡಲ ನೀರು ನಿಂತರೆ ಕೊಳೆತ ಮೊಟ್ಟೆಯ ವಾಸನೆ ದೋಣಿ ಬಿಟ್ಟು ಹೋಗುವುದಿಲ್ಲ. ರಟ್ಟಿನ ಡಬ್ಬ ಒಂದೂ ಒಳಗಿರಬಾರದು, ಅದರ ಮಡಿಕೆಯಲ್ಲೇ ಜಿರಳೆ ಮೊಟ್ಟೆ ಬರುವುದು. ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಬಿಲ್ಜಿನಲ್ಲೇ ಕೂತಿರುತ್ತದೆ.

ಕಟ್ಟುವ ಹಗ್ಗ ನೈಲಾನಿನದ್ದೇ ಇರಲಿ, ಅದು ಸ್ವಲ್ಪ ಹಿಗ್ಗುತ್ತದೆ. ಹಗ್ಗ ದೋಣಿಯ ಅಂಚಿಗೆ ಉಜ್ಜುವ ಕಡೆಯಲ್ಲೆಲ್ಲ ಹಳೆಯ ನೀರಿನ ಹೋಸ್ ಪೈಪಿನ ತುಂಡು ತೊಡಿಸಿ. ತೋಟದಲ್ಲಿ ಬಿಸಾಡಿದ್ದು ಸಿಕ್ಕೇ ಸಿಗುತ್ತದಲ್ವಾ? ಪ್ರತಿ ಹಗ್ಗಕ್ಕೂ ಜೊತೆಗೊಂದು ಕಟ್ಟಿ, ಉಬ್ಬರ ಇಳಿತಕ್ಕೆ ಸಡಿಲ ಬಿಡಿ.

ಹಾಯಿಗಳನ್ನು ಇಳಿಸಿ ಊರಿಗೇ ತನ್ನಿ. ಸುತ್ತಿಟ್ಟ ಹಾಯಿ ಒಂದು ಬಿರುಗಾಳಿಗೆ ಬಿಚ್ಚಿಕೊಂಡರೆ ಚಿಂದಿ. ಮೇ ತಿಂಗಳಲ್ಲಿ ಕಾಫಿ ಕಣ ಖಾಲಿ ಇರುತ್ತದೆ. ಗುಡಿಸಿ, ಟಾರ್ಪಾಲು ಹಾಸಿ, ಸಿಹಿನೀರಿನಲ್ಲಿ ತೊಳೆದ ಹಾಯಿಯನ್ನು ಹರಡಿ. ಬಿಸಿಲಿಗೆ ಬಟ್ಟೆಗಿಂತ ಮೊದಲು ಹೊಲಿಗೆ ಸಾಯುತ್ತದೆ. ಉಗುರಿನಿಂದ ಎಳೆದು ನೋಡಿ, ದಾರ ಕಿತ್ತು ಬಂದರೆ ಮತ್ತೆ ಹೊಲಿಸಬೇಕು. ಚೆನ್ನಾಗಿ ಒಣಗಿದ ಮೇಲೆ ಇಲಿ ಬಾರದ ಕಡೆ ಇಡಿ.

ತಿಂಗಳಿಗೊಮ್ಮೆಯಾದರೂ ಯಾರಾದರೂ ದೋಣಿಗೆ ಹತ್ತಬೇಕು. ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಲ್ಲಿ ರೈಲು ಹತ್ತಿದರೆ ನೀವೇ ಹೋಗಿ ಬರಬಹುದು. ಗುಡ್ಡ ಕುಸಿದು ರಸ್ತೆ ಬಂದ್ ಆಗುವ ದಿನಗಳೂ ಇರುತ್ತವೆ. ಅದಕ್ಕೆ ಮರೀನಾದಲ್ಲಿ ನಂಬುವಂಥ ಒಬ್ಬರಿಗೆ ದುಡ್ಡು ಕೊಟ್ಟು ಒಪ್ಪಿಸಿ, ಬಿಲ್ಜ್ ಮತ್ತು ಹಗ್ಗಗಳ ಫೋಟೊ ತರಿಸಿಕೊಳ್ಳಿ. ಆ ದುಡ್ಡಿನಲ್ಲಿ ಜಿಪುಣತನ ಬೇಡ.

ಡೀಸೆಲ್ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗದಲ್ಲಿ ಬೆವರಿದ ನೀರೇ ಡೀಸೆಲ್ ಕೆಡಿಸುವುದು. ಹೋದಾಗ ಇಂಜಿನ್ ಓಡಿಸುವುದಾದರೆ ಸುಮ್ನೆ ಐಡಲ್‌ನಲ್ಲಿ ಬಿಡಬೇಡಿ. ಇಂಜಿನ್ನಿನ ಸೀಕಾಕ್ ತೆರೆದು, ಹಗ್ಗ ಗಟ್ಟಿ ಇದೆಯೇ ನೋಡಿ, ಗೇರ್ ಹಾಕಿ, ಪೂರ್ತಿ ಬಿಸಿಯಾಗುವವರೆಗೆ ಓಡಿಸಿ. ಓಡಿಸುವವರೇ ಇಲ್ಲದಿದ್ದರೆ ಇಂಜಿನ್ ತಂಪಿಗೆ ನೀರೆಳೆಯುವ ಪಂಪಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಬಿಚ್ಚಿ, ಇಂಜಿನ್ ಕೀಗೇ ದಾರದಿಂದ ಕಟ್ಟಿಡಿ. ಮಳೆ ಮುಗಿದು ಹೊರಡುವ ದಿನ ಕೀ ಕೈಗೆ ತಗೊಂಡಾಗ ಅದು ಕಾಣುತ್ತದೆ. ಅದನ್ನು ಜಾಗದಲ್ಲಿ ಕೂರಿಸಿ, ಸೀಕಾಕ್ ತೆರೆದು, ಆಮೇಲೆ ಸ್ಟಾರ್ಟ್ ಮಾಡಿ.