1.159ರಿಂದ ಶುರುವಾಗುವ ಕಥೆ

ವರ್ಣಭೇದ, ದೇಹದ ಮೇಲಿನ ಹಕ್ಕು ಇಟ್ಟುಕೊಂಡು ಕರಾಳ ಸ್ಪೆಕ್ಯುಲೇಟಿವ್ ಕಥೆ (‘ಹೀಗಾದರೆ ಏನು’ ಎಂದು ಊಹಿಸಿ ಕಟ್ಟುವ ಕಥೆ) ಬರೆಯಲು ಕೂತವರು ಮೊದಲು ಹೊಸ ಲೋಕ ಕಟ್ಟತೊಡಗುತ್ತಾರೆ. ಆರು ಪುಟ ಅದಕ್ಕೇ ಹೋಗುತ್ತದೆ. ಲೋಕ ಬೇಡ, ಒಂದು ನಿಯಮ ಸಾಕು. ಅದೂ ಎಲ್ಲಾದರೂ ನಿಜವಾಗಿ ಚಾಲ್ತಿಯಲ್ಲಿದ್ದದ್ದಾಗಿರಲಿ.

ಅಮೆರಿಕದ ಕಿಡ್ನಿ ಲೆಕ್ಕ ನೋಡಿ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಂದಾಜಿಸುವ 2009ರ ಸೂತ್ರದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕುವ, ರಕ್ತದಲ್ಲಿನ ಒಂದು ತ್ಯಾಜ್ಯ), ವಯಸ್ಸು, ಲಿಂಗ ಹಾಕಿ ಬಂದ ಅಂಕಿಯನ್ನು (ಹೆಚ್ಚಿದ್ದಷ್ಟೂ ಕಿಡ್ನಿ ಚೆನ್ನಾಗಿದೆ ಎಂದರ್ಥ), ರೋಗಿ ಕಪ್ಪು ಜನಾಂಗದವರಾದರೆ, 1.159ರಿಂದ ಗುಣಿಸುತ್ತಿದ್ದರು. ಡಯಾಲಿಸಿಸ್‌ಗೆ ಮೊದಲೇ ಕಸಿಯ ಸರದಿಯಲ್ಲಿ ದಿನ ಎಣಿಸಲು ಅಂಕಿ 20 ಮೀರಬಾರದು. 18 ಇದ್ದವರದು ಗುಣಿಸಿದರೆ 20.86. ಕಿಡ್ನಿ ಅದೇ, ಸರದಿ ಮಾತ್ರ ಇಲ್ಲ. ಜನಾಂಗ ಕೈಬಿಟ್ಟ ಸೂತ್ರ ಬಂದದ್ದು 2021ರಲ್ಲಿ.

ಇದನ್ನು ಒಂದೇ ಮೆಟ್ಟಿಲು ಮುಂದೆ ದೂಡಿ. ಗುಣಿಸಿದ ದೇಹ ಹೆಚ್ಚು ಗಟ್ಟಿ ಅಂತಾದರೆ ಅದರಿಂದ ಹೆಚ್ಚು ಕೀಳಬಹುದಲ್ಲ? ರಕ್ತ ಕೊಡುವುದು ಕಡ್ಡಾಯವಾದ ಒಂದು ಊರು. ಬಿಳಿಯರಿಗೆ 450 ಮಿಲಿ, ಕಪ್ಪು ಜನರಿಗೆ ಅದರ 1.159 ಪಟ್ಟು, ಅಂದರೆ 522. ಬೇರೇನನ್ನೂ ಬದಲಿಸಬೇಡಿ. ಹಾರುವ ಕಾರು ತಂದಿರೋ, ಓದುಗ ತಪ್ಪನ್ನೆಲ್ಲ ಯಂತ್ರಗಳ ತಲೆಗೆ ಕಟ್ಟಿ ನೆಮ್ಮದಿಯಾಗುತ್ತಾನೆ.

ಅಧಿಕಾರಿಗಳು ಗದರಬಾರದು. ಅಲಬಾಮಾದ ಮೇಕನ್ ಕೌಂಟಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ರೋಗ ಬೆಳೆಯುವುದನ್ನು ಗಮನಿಸುತ್ತ ಕೂತ ಸರ್ಕಾರಿ ವೈದ್ಯರು ಊಟ ಹಾಕಿಸುತ್ತಿದ್ದರು, ಸತ್ತರೆ ಮಣ್ಣು ಮಾಡುವ ಖರ್ಚಿಗೂ ಒಪ್ಪಿದ್ದರು. ಬೆನ್ನುಹುರಿಯ ನೀರು ತೆಗೆಯುವುದನ್ನು ‘ವಿಶೇಷ ಉಚಿತ ಚಿಕಿತ್ಸೆ’ ಎಂದು ಕರೆದರು. 1958ರಲ್ಲಿ, ಆ ರೋಗ ವಾಸಿಮಾಡುವ ಪೆನಿಸಿಲಿನ್ ಎಲ್ಲೆಡೆ ಸಿಗುತ್ತಿದ್ದಾಗ, ಇಪ್ಪತ್ತೈದು ವರ್ಷ ಪಾಲ್ಗೊಂಡದ್ದಕ್ಕೆ ಪ್ರಮಾಣಪತ್ರ ಹಂಚಿದರು. ಜೊತೆಗೆ ವರ್ಷಕ್ಕೊಂದು ಡಾಲರಿನಂತೆ 25 ಡಾಲರ್. ನಿಮ್ಮ ಕಥೆಯ ಕಚೇರಿಗೂ ಇಂಥ ಸೌಜನ್ಯ ಬೇಕು.

ಈ ವಿಷಯದಲ್ಲಿ ಕನ್ನಡಕ್ಕೊಂದು ಅನುಕೂಲವಿದೆ. ಕಡತದ ಕನ್ನಡದಲ್ಲಿ ಮಾಡಿದವರು ಯಾರೆಂದೇ ಗೊತ್ತಾಗುವುದಿಲ್ಲ: ‘ಮಾದರಿಯನ್ನು ಸಂಗ್ರಹಿಸಲಾಗಿದೆ’. ಈ ‘ಲಾಗಿದೆ’ ಫಾರಂಗಳಲ್ಲಷ್ಟೇ ಇರಲಿ. ನಿರೂಪಣೆಗೂ ನುಸುಳಿತೋ, ನಾಯಕಿ ಕೂಡ ಒಂದು ಮಾದರಿಯಾಗಿಬಿಡುತ್ತಾಳೆ. ಕರಡು ಮುಗಿದ ಮೇಲೆ ಅವಳೇ ಕರ್ತೃವಾಗಿರುವ ಕ್ರಿಯಾಪದಗಳಿಗೆ ಅಡಿಗೆರೆ ಎಳೆಯಿರಿ. ಪುಟಕ್ಕೆ ನಾಲ್ಕೂ ಇಲ್ಲವೆಂದರೆ ಆ ಪುಟ ಮತ್ತೆ ಬರೆಯಬೇಕು.

ಕೆಡುವ ಜಾಗ ಇನ್ನೂ ಕೆಲವಿವೆ. ಕಪ್ಪು ಜನರ ಬದಲು ನೀಲಿ ಚರ್ಮದ ಅನ್ಯಗ್ರಹದವರನ್ನು ತಂದರೆ ಇತಿಹಾಸ ಜಾರಿಹೋಗುತ್ತದೆ. ಗಾಯದ ಮೇಲೆ ಗಾಯ ವರ್ಣಿಸಿದರೆ ಮೂರನೆಯದಕ್ಕೆ ಓದುಗ ಮರಗಟ್ಟುತ್ತಾನೆ. ಸೂಜಿ ಒಮ್ಮೆ ಸಾಕು, ಆಮೇಲೆ ಮನೆಯಲ್ಲಿ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುವುದನ್ನು ತೋರಿಸಿ. ಇನ್ನು ದಯಾಳು ಬಿಳಿ ಡಾಕ್ಟರು ಬಂದು ಕಾಪಾಡಿದರಂತೂ ದೇಹದ ತೀರ್ಮಾನ ಮತ್ತೆ ಬೇರೆಯವರ ಕೈಗೇ ಹೋಯಿತು.

ಕೊನೆಗೆ ವ್ಯವಸ್ಥೆ ಉರುಳಬೇಕಿಲ್ಲ. ರಕ್ತದ ಚೀಲ ತೂಗಾಡಿಸುವ ಯಂತ್ರದ ಪರದೆ 450 ದಾಟುತ್ತದೆ. ‘ಆಯ್ತು, ಇನ್ನೊಂಚೂರು’ ಎನ್ನುತ್ತಾಳೆ ನರ್ಸ್. ನಾಯಕಿ ಇನ್ನೊಂದು ಕೈಯಿಂದ ನಳಿಕೆ ಮಡಚಿ ಹಿಡಿಯುತ್ತಾಳೆ. ಪರದೆಯ ಮೇಲೆ 463, ಹಾಗೇ ನಿಂತಿದೆ.