ತಲೆನೋವಿಗೆ ಮಾತ್ರೆ ನುಂಗುವ ಮುಂಚೆ

ನಮ್ಮ ಕಡೆ ತಲೆನೋವಿನ ಔಷಧಿ ಸಿಗುವುದು ಕಿರಾಣಿ ಅಂಗಡಿಯಲ್ಲಿ. ಬೆಂಕಿಪೊಟ್ಟಣದ ಜೊತೆ ಎರಡು ಮಾತ್ರೆಯನ್ನೂ ಕತ್ತರಿಸಿ ಕೊಡುತ್ತಾರೆ. ತೀರ್ಥಹಳ್ಳಿಯ ನನ್ನ ಅತ್ತೆ ವರ್ಷಗಟ್ಟಲೆ ಹಾಗೇ ನುಂಗಿದರು. ಬಹಳಷ್ಟು ತಲೆನೋವು ಅಪಾಯದ್ದಲ್ಲ, ನಿಜ. ಯಾವುದು ಅಪಾಯದ್ದು ಅಂತ ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಮೊದಲ ಪ್ರಶ್ನೆ: ನೋವು ಹೇಗೆ ಶುರುವಾಯಿತು? ಒಂದೇ ನಿಮಿಷದೊಳಗೆ ಸಿಡಿಲು ಹೊಡೆದ ಹಾಗೆ ಬಂದು, ಹಿಂದೆಂದೂ ಕಾಣದಷ್ಟು ಜೋರಾಗಿದ್ದರೆ ಮೆದುಳಿನಲ್ಲಿ ರಕ್ತ ಸೋರುತ್ತಿರಬಹುದು. ಮುಲಾಮು ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ಫಿಟ್ಸ್ ಬಂದರೆ ಆಗಲೂ ಅಷ್ಟೇ. ಮರದಿಂದಲೋ ಬೈಕಿನಿಂದಲೋ ಬಿದ್ದು ತಲೆಗೆ ಪೆಟ್ಟಾದ ಮೇಲೆ ನೋವು ಏರುತ್ತಾ ಹೋದರೆ, ವಾಂತಿಯಾದರೆ, ಮಂಪರು ಕವಿದರೆ 'ಬೆಳಿಗ್ಗೆ ನೋಡೋಣ' ಅನ್ನಬೇಡಿ. ಬಸುರಿಗೆ ಐದು ತಿಂಗಳಾದ ಮೇಲೆ ಜೋರು ತಲೆನೋವು ಬಂದರೆ ಅವತ್ತೇ ಬಿಪಿ ನೋಡಿಸಬೇಕು. ನಮ್ಮ ದಾರಿಗಳಲ್ಲಿ ಆಸ್ಪತ್ರೆ ಮುಟ್ಟಲು ಹೊತ್ತು ಹಿಡಿಯುತ್ತದೆ, ಅದನ್ನೂ ಲೆಕ್ಕ ಹಾಕಿ ಹೊರಡಿ.

ಆಮೇಲೆ ಜ್ವರ ಇದೆಯಾ ನೋಡಿ. ಜ್ವರದ ಜೊತೆ ಕುತ್ತಿಗೆ ಸೆಟೆದು ಗದ್ದ ಎದೆಗೆ ತಾಗದಿದ್ದರೆ ಅದೂ ತುರ್ತು. ಮಲೆನಾಡಿನಲ್ಲಿ ಮಂಗನ ಕಾಯಿಲೆಯನ್ನೂ ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಶುರುವಾಗುವುದೇ ದಿಢೀರ್ ಜ್ವರ, ಜೋರು ತಲೆನೋವು, ಮೈಕೈ ನೋವಿನಿಂದ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಸೌದೆಗೋ ತರಗೆಲೆಗೋ ಕಾಡಿಗೆ ಹೋಗಿದ್ದರೆ, ಉಣುಗು ಕಚ್ಚಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ಆಸ್ಪತ್ರೆಯಲ್ಲಿ ಅದನ್ನು ಹೇಳಿ. ಕೇಳುವವರೆಗೆ ಕಾಯಬೇಡಿ. ಇಂಥ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೇನ್ ಬೇಡವೇ ಬೇಡ, ರಕ್ತಸ್ರಾವ ಹೆಚ್ಚಾಗಬಹುದು. ರಕ್ತ ಪರೀಕ್ಷೆ ಆಗುವ ತನಕ ಪ್ಯಾರಾಸಿಟಮಾಲ್ ಸಾಕು.

ಇದ್ಯಾವುದೂ ಇಲ್ಲ ಅಂದರೆ ನೋವಿನ ಬಗೆ ನೋಡಿ. ತಲೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗಿದ್ದರೆ ಹೆಚ್ಚಾಗಿ ಒತ್ತಡದ ತಲೆನೋವು. ಒಂದು ಪಕ್ಕ ಪಟಪಟ ಬಡಿದು, ಹೊಟ್ಟೆ ತೊಳಸಿ, ಬೆಳಕು ಸದ್ದು ಯಾವುದೂ ಬೇಡ ಅನಿಸಿದರೆ ಮೈಗ್ರೇನ್ ಇರಬಹುದು. ನಾವು ಪಿತ್ತ ಅಂತ ಸುಮ್ನೆ ಬಿಡುವುದು ಬಹಳ ಸಲ ಇದನ್ನೇ. ಇದಕ್ಕೆ ಬೇರೆ ಔಷಧಿಯೇ ಇದೆ, ತೋರಿಸಿ.

ಎಲ್ಲರೂ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ: ಎಣಿಸುವುದರಲ್ಲಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ವಾ, ಅದೇ ಸಾಕು. ಮೊಬೈಲ್ ಆ್ಯಪ್ ಬೇಡ, ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ನೋವು ಬಂದ ದಿನಕ್ಕೆ ಒಂದು ಗೀಟು. ಮಾತ್ರೆ ನುಂಗಿದರೆ ತಾರೀಕಿನ ಸುತ್ತ ಸೊನ್ನೆ. ಪಕ್ಕದಲ್ಲಿ ಎರಡೇ ಮಾತು: ಎಷ್ಟು ಹೊತ್ತಿಗೆ ಬಂತು, ಹಿಂದಿನ ದಿನ ಏನಾಗಿತ್ತು. ನಿದ್ದೆಗೆಟ್ಟಿದ್ದು, ತಿಂಡಿ ಬಿಟ್ಟಿದ್ದು, ಬಿಸಿಲು, ಮುಟ್ಟು, ಯಾವುದಿದ್ದರೂ ಬರೆಯಿರಿ. ಅವತ್ತೇ ಬರೆಯಬೇಕು, ತಿಂಗಳ ಕೊನೆಗೆ ನೆನಪಿನಿಂದ ಬರೆದದ್ದು ಸುಳ್ಳಾಗುತ್ತದೆ. 'ವಾರಕ್ಕೆ ಒಂದೆರಡು ಅಷ್ಟೇ ಮಾರಾಯ್ತಿ' ಅಂದಿದ್ದ ಅತ್ತೆಯ ಮೊದಲ ತಿಂಗಳಲ್ಲಿ 22 ಸೊನ್ನೆ ಇತ್ತು!

ಯಾಕೆ ಎಣಿಸಬೇಕು ಅಂದರೆ, ಮಾತ್ರೆಯೇ ತಲೆನೋವು ತರುತ್ತದೆ. ಬರೀ ಪ್ಯಾರಾಸಿಟಮಾಲ್ ಆದರೆ ತಿಂಗಳಿಗೆ 15 ದಿನ, ಕೆಫೀನ್ ಅಥವಾ ಬೇರೆ ಔಷಧಿ ಬೆರೆಸಿದ್ದಾದರೆ 10 ದಿನ. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ದಿನ, ಮೂರು ತಿಂಗಳು ದಾಟಿ ನುಂಗಿದರೆ ಈ ತೊಂದರೆ ಶುರುವಾಗಬಹುದು. ಬಿಡುವಾಗ ಮೊದಮೊದಲು ನೋವು ಇನ್ನೂ ಏರುತ್ತದೆ, ಅದಕ್ಕೇ ಡಾಕ್ಟರ ಸಲಹೆ ಪಡೆದು ಬಿಡಿ.

50 ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದರೆ, ಹಳೆಯ ನೋವಿನ ರೀತಿ ಬದಲಾದರೆ, ಕೆಮ್ಮಿದಾಗ ಬಗ್ಗಿದಾಗ ಹೆಚ್ಚಾದರೆ ಬೇಗ ತೋರಿಸಿ. ಹೋಗುವಾಗ ಖಾಲಿ ಮಾತ್ರೆ ಶೀಟು, ಕ್ಯಾಲೆಂಡರ್ ಎರಡೂ ಕೈಯಲ್ಲಿರಲಿ. ಅತ್ತೆ ಮೂರು ತಿಂಗಳ ಹಾಳೆ ಹರಿದು ಒಯ್ದಿದ್ದರು. ಡಾಕ್ಟರು ಬೇರೇನೂ ಕೇಳುವ ಮುಂಚೆ ಪೆನ್ನಿನ ತುದಿಯಿಂದ ಆ ಸೊನ್ನೆಗಳನ್ನು ಎಣಿಸಿದರು.