ಹಳೇ ಜೀಪಿಗೆ ಕ್ಯಾನ್ವಾಸ್ ಹುಡ್: ಮೂರನೇ ಸಲಕ್ಕೆ ಸರಿಯಾಗಿ ಕೂತಿದ್ದು

ಮಲೆನಾಡಿನ ಮಳೆಗೆ ಕ್ಯಾನ್ವಾಸ್ ತಡೆಯಲ್ಲ, ರೆಕ್ಸಿನ್ನೇ ಹಾಕಿಸು ಅಂತ ಹೇಳದವರಿಲ್ಲ. ನನ್ನ 1968ರ ಮಹೀಂದ್ರ ಸಿಜೆ-3ಬಿ ಜೀಪಿನ ಮೇಲೆ ಕ್ಯಾನ್ವಾಸ್ ಹುಡ್ (ಬಟ್ಟೆಯ ಮೇಲ್ಹೊದಿಕೆ) ಕೂತು ಈಗ ಮೂರು ಮಳೆಗಾಲ ದಾಟಿದೆ. ಜುಲೈ ತಿಂಗಳ ಚಾರ್ಮಾಡಿ ಘಾಟಿಯಲ್ಲೂ ಸೀಟು ಒಣಗಿರುತ್ತದೆ. ಹಾಗಾಗಿ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಮೊದಲನೆಯದು ರೆಡಿಮೇಡ್ ರೆಕ್ಸಿನ್ ಹುಡ್, ಸುಮಾರು 5,800 ರೂಪಾಯಿ. ಎಡಗಡೆ ಬಿಗಿ ಮಾಡಿದರೆ ಬಲಗಡೆ ಸುಕ್ಕು, ಬಲಗಡೆ ಎಳೆದರೆ ಎಡಗಡೆ ಹಿಂದಿನ ಐಲೆಟ್ (ಹಗ್ಗ ತೂರಿಸುವ ಲೋಹದ ಬಳೆ) ಕಿತ್ತು ಬರುತ್ತಿತ್ತು. ಎರಡನೆಯದು ಕುಶನ್ ಅಂಗಡಿಯಲ್ಲಿ ಪಿವಿಸಿ ಟಾರ್ಪಾಲಿನಲ್ಲಿ ಹೊಲಿಸಿದ್ದು, 8,500ರ ಹತ್ತಿರ. ಅಳತೆ ಪರವಾಗಿರಲಿಲ್ಲ, ಆದರೆ ಹೊಲಿಗೆಯ ಪ್ರತಿ ತೂತಿನಿಂದಲೂ ನೀರು ಇಳಿಯಿತು. ಪಿವಿಸಿಯಲ್ಲಿ ಸೂಜಿ ಮಾಡಿದ ತೂತು ತೂತಾಗಿಯೇ ಉಳಿಯುತ್ತದೆ. ಒಳಗಿನಿಂದ ಅಂಟು ಪಟ್ಟಿ ಹಾಕಿಸಿದೆ, ಏಪ್ರಿಲ್ ಬಿಸಿಲಿಗೆ ಅದೂ ಬಿಟ್ಟುಕೊಂಡಿತು. ಇನ್ನೊಂದು ತೊಂದರೆ ಉಸಿರಿನ ಹಬೆ. ನೆನೆದ ಬಟ್ಟೆಯಲ್ಲಿ ನಾಲ್ಕು ಜನ ಕೂತರೆ ಸಾಕು, ಹಬೆ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗಿ ಕುತ್ತಿಗೆ ಮೇಲೆ ಬೀಳುತ್ತದೆ. ಅದನ್ನು ಸೋರಿಕೆ ಅಂದುಕೊಂಡು ನಾನು ಎರಡು ವಾರ ಇಲ್ಲದ ತೂತು ಹುಡುಕಿದ್ದೇನೆ.

ಕ್ಯಾನ್ವಾಸ್ ಹಾಗಲ್ಲ, ಹತ್ತಿಯ ನೂಲು ಒದ್ದೆಯಾದರೆ ಉಬ್ಬುತ್ತದೆ. ನೇಯ್ಗೆಯ ಸಂದು, ಹೊಲಿಗೆಯ ತೂತು ಎರಡೂ ಅದರಿಂದಲೇ ಮುಚ್ಚಿಕೊಳ್ಳುತ್ತವೆ. ಬಟ್ಟೆ ಉಸಿರಾಡುವುದರಿಂದ ಹಬೆಯೂ ನಿಲ್ಲುವುದಿಲ್ಲ. ಶುದ್ಧ ಹತ್ತಿ ನಮ್ಮ ಕಡೆ ಬೂಷ್ಟು ಹಿಡಿದು ಬೇಗ ಕೊಳೆಯುತ್ತದೆ, ಅದಕ್ಕೆ ಪಾಲಿಯೆಸ್ಟರ್ ಬೆರೆತ ಹತ್ತಿ ಕ್ಯಾನ್ವಾಸ್ ತಗೊಂಡೆ. 60 ಇಂಚು ಪನ್ನ, 8 ಮೀಟರ್, ತೂಕ ಚದರ ಮೀಟರಿಗೆ ಸುಮಾರು 450 ಗ್ರಾಂ (ಜಿಎಸ್‌ಎಂ).

ಅಂಗಡಿಯಿಂದ ತಂದ ಬಟ್ಟೆಯನ್ನು ಹಾಗೇ ಕತ್ತರಿಸಬೇಡಿ. ಹೊಸ ಕ್ಯಾನ್ವಾಸ್ ಮೊದಲ ಒದ್ದೆಗೇ ಕುಗ್ಗುತ್ತದೆ. ಡ್ರಮ್ಮಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡದೆ ನೇತು ಹಾಕಿ ಒಣಗಿಸಿದೆ, ಹೀಗೆ ಎರಡು ಸಲ. ಆರು ಅಡಿ ಉದ್ದಕ್ಕೆ ಒಂದೂವರೆ ಇಂಚಿನ ಮೇಲೆ ಕುಗ್ಗಿತು, ಅಡ್ಡಕ್ಕೆ ಅದರ ಅರ್ಧವೂ ಇಲ್ಲ. ನೆನೆಸದೆ ಹೊಲಿದಿದ್ದರೆ ಮೊದಲ ಮಳೆಗೇ ಗ್ಲಾಸ್ ಫ್ರೇಮಿಗೆ (ಮುಂದಿನ ಗಾಜಿನ ಚೌಕಟ್ಟಿಗೆ) ಸಿಕ್ಕಿಸಿದ ಬಟ್ಟೆಯ ಅಂಚು ಹರಿದು ಹೋಗುತ್ತಿತ್ತು. ಕ್ಯಾನ್ವಾಸಿಗೆ ಹೆಸರು ಕೆಟ್ಟಿರುವುದು ಮುಕ್ಕಾಲು ಪಾಲು ಈ ಒಂದು ತಪ್ಪಿನಿಂದ.

ರೆಡಿಮೇಡ್ ಹುಡ್ ಯಾಕೆ ಕೂರಲಿಲ್ಲ ಅನ್ನುವುದು ತಡವಾಗಿ ಗೊತ್ತಾಯಿತು. ಗ್ಲಾಸ್ ಫ್ರೇಮಿನ ಎಡ ಮೂಲೆಯಿಂದ ಹಿಂದಿನ ಹುಡ್ ಪೈಪಿನ (ಬಟ್ಟೆ ಹೊತ್ತು ನಿಲ್ಲುವ ಪೈಪು) ಬಲ ಮೂಲೆಗೆ ಟೇಪ್ ಹಿಡಿದೆ, ಆಮೇಲೆ ಉಲ್ಟಾ ಹಿಡಿದೆ. ಮುಕ್ಕಾಲು ಇಂಚು ವ್ಯತ್ಯಾಸ. ಎಡ ಹಿಂಬದಿಯ ಬಾಡಿ ಮೌಂಟ್ (ಬಾಡಿಯನ್ನು ಚಾಸಿ ಮೇಲೆ ಕೂರಿಸುವ ಆಧಾರ) ತುಕ್ಕು ಹಿಡಿದು, ಪ್ಯಾಕಿಂಗ್ ಕುಸಿದು, ಬಾಡಿ ಒಂದು ಮೂಲೆಗೆ ವಾಲಿತ್ತು. ಐವತ್ತು ವರ್ಷ ತೋಟ ಸುತ್ತಿದ ಜೀಪುಗಳಲ್ಲಿ ಇದು ಇಲ್ಲದೇ ಇರುವುದು ಕಡಿಮೆ. ಮೌಂಟ್, ಪ್ಯಾಕಿಂಗ್ ರಬ್ಬರ್, ಗ್ಲಾಸ್ ಫ್ರೇಮಿನ ಕೆಳಗಿನ ರಬ್ಬರ್, ಎಲ್ಲ ಹೊಸದು ಹಾಕಿದ ಮೇಲೆಯೇ ಅಳತೆ ತೆಗೆಯಿರಿ. ಫ್ರೇಮಿನ ರಬ್ಬರೊಂದೇ ಕಾಲು ಇಂಚು ಎತ್ತರಿಸುತ್ತದೆ. ಫ್ರೇಮಿನ ಎರಡೂ ಕ್ಲ್ಯಾಂಪ್ ಬಿಗಿಯಾಗಿರಬೇಕು. ಇಷ್ಟಾದರೂ ನನ್ನದರಲ್ಲಿ ಕಾಲು ಇಂಚು ಉಳಿಯಿತು. ಅದನ್ನು ಬಟ್ಟೆಯಲ್ಲೇ ತೀರಿಸಿದೆ.

ಪೈಪಿನ ಕೆಲಸ. 1 ಇಂಚಿನ, 16 ಗೇಜಿನ ಎಂಎಸ್ (ಮೆದು ಉಕ್ಕಿನ) ಪೈಪು, ಮರಳು ತುಂಬಿ ಬಗ್ಗಿಸಿದ್ದು. ಹಳೇ ನಡುಪೈಪು ಗ್ಲಾಸ್ ಫ್ರೇಮಿಗೂ ಹಿಂಪೈಪಿಗೂ ಎಳೆದ ದಾರಕ್ಕಿಂತ ಕೆಳಗಿತ್ತು. ನೀರು ನಿಲ್ಲುತ್ತಿದ್ದದ್ದು ಅಲ್ಲೇ. ಹತ್ತು ಲೀಟರ್ ನೀರು ಅಂದರೆ ಹತ್ತು ಕಿಲೋ ಭಾರ. ಅದು ಬಟ್ಟೆಯನ್ನು ಇನ್ನಷ್ಟು ಜಗ್ಗಿಸುತ್ತದೆ, ಗುಂಡಿ ದೊಡ್ಡದಾಗುತ್ತದೆ, ಇನ್ನಷ್ಟು ನೀರು ನಿಲ್ಲುತ್ತದೆ. ಹೊಸ ನಡುಪೈಪನ್ನು ದಾರಕ್ಕಿಂತ ಒಂದೂಕಾಲು ಇಂಚು ಮೇಲೆ ನಿಲ್ಲಿಸಿದೆ, ಅಡ್ಡಕ್ಕೂ ಸ್ವಲ್ಪ ಬೆನ್ನು ಕೊಟ್ಟೆ. ಪೈಪಿಗೆ ಬರೀ ರೆಡ್ ಆಕ್ಸೈಡ್ ಬಳಿದರೆ ಬಟ್ಟೆ ಉಜ್ಜಿ ಉಜ್ಜಿ ಪೇಂಟ್ ಹೋಗಿ ತುಕ್ಕಿನ ಗೆರೆ ಮೂಡುತ್ತದೆ. ಝಿಂಕ್ ಪ್ರೈಮರ್, ಅದರ ಮೇಲೆ ಎನಾಮಲ್, ಆಮೇಲೆ ನವಾರು ಪಟ್ಟಿ ಸುತ್ತಿ ಕೈಹೊಲಿಗೆ. ಸೈಕಲ್ ಟ್ಯೂಬ್ ಸುತ್ತಿ ನೋಡಿದ್ದೆ, ಬಟ್ಟೆಗೆ ಕಪ್ಪು ಕಲೆ ಅಂಟಿತು.

ನಮೂನೆ ತೆಗೆಯಲು ಬೆಡ್‌ಶೀಟ್ ಬೇಡ, ಓರೆಯಾಗಿ ಎಳೆದರೆ ಹಿಗ್ಗುತ್ತದೆ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಚ್ಚಿ ಜೋಡಿಸಿ, ಜೀಪಿನ ಮೇಲೇ ಹಾಸಿ, ಕ್ಲಿಪ್ ಹಾಕಿ, ಮಾರ್ಕರಿನಲ್ಲಿ ಗೆರೆ ಎಳೆದೆ. ಪೈಪಿನ ಗೆರೆಗಳನ್ನೂ ಗುರುತು ಮಾಡಿಕೊಳ್ಳಿ. ಮಡಿಕೆಗೆ ಎಲ್ಲ ಕಡೆ ಒಂದೂವರೆ ಇಂಚು ಬಿಟ್ಟೆ. ಗ್ಲಾಸ್ ಫ್ರೇಮಿನ ಎರಡು ಮೂಲೆಗಳಲ್ಲಿ ಬಟ್ಟೆ ಮೂರು ಕಡೆಗೆ ತಿರುಗಬೇಕು, ಎಲ್ಲರ ಹುಡ್ಡೂ ಸೋರುವುದು ಅಲ್ಲೇ. ಅಲ್ಲಿನ ಕತ್ತರಿಕೆಗೆ ನಾನು ಕಂಡುಕೊಂಡ ದಾರಿಯೊಂದಿದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಎರಡು ತುಂಡು ಮಾಡಿ ನಟ್ಟನಡುವೆ ಹೊಲಿಯುವುದು ಇಲ್ಲಿನ ವಾಡಿಕೆ. ನಾನು ಮೂರು ಮಾಡಿಸಿದೆ: ನಡುವೆ ಅಗಲವಾದ ಒಂದು, ಅಕ್ಕಪಕ್ಕ ಸಣ್ಣ ಎರಡು. ಹೊಲಿಗೆ ಇಳಿಜಾರಿನಲ್ಲಿ ಬರುತ್ತದೆ. ಒಂದರೊಳಗೊಂದು ಮಡಿಚಿ ಎರಡು ಸಾಲು, ಮಡಿಕೆಯ ಬಾಯಿ ಕೆಳಮುಖ. ದಾರ ಒಳಗೆ ಪಾಲಿಯೆಸ್ಟರ್, ಹೊರಗೆ ಹತ್ತಿ ಸುತ್ತಿದ್ದು. ಹತ್ತಿ ಉಬ್ಬಿ ತೂತು ಮುಚ್ಚುತ್ತದೆ, ಪಾಲಿಯೆಸ್ಟರ್ ಬಲ ಕೊಡುತ್ತದೆ. ಇಂಚಿಗೆ ಐದಾರು ಹೊಲಿಗೆ ಸಾಕು. ಹೊಲಿಯುವವರು ಗಟ್ಟಿ ಆಗಲಿ ಅಂತ ಹತ್ತು ಹಾಕಲು ಹೋದರು, ತಡೆದೆ. ಅಷ್ಟು ಒತ್ತಾದರೆ ಅಂಚೆ ಚೀಟಿಯ ಹಾಗೆ ಆ ಸಾಲಿಗೇ ಹರಿಯುತ್ತದೆ. ಹಿಂದಿನ ಕಿಟಕಿಯ ಪ್ಲಾಸ್ಟಿಕ್ ಹಾಳೆಗೆ ಇಂಚಿಗೆ ನಾಲ್ಕೇ, ಅದೂ ಹಾಳೆಯನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿಕೊಂಡು.

ನೀರು ನಿಲ್ಲಿಸುವ ಲೇಪಕ್ಕೆ ಒಂದು ಸಣ್ಣ ಪ್ರಯೋಗ ಮಾಡಿದ್ದೆ. ಉಳಿದ ತುಂಡುಗಳನ್ನು ನಾಲ್ಕು ಬಕೆಟ್ ಬಾಯಿಗೆ ಕಟ್ಟಿ ಒಂದು ವಾರ ಮಳೆಗೆ ಇಟ್ಟೆ. ಏನೂ ಬಳಿಯದ್ದು ಮೊದಲ ಹತ್ತು ನಿಮಿಷ ಹನಿಸಿ ಆಮೇಲೆ ನಿಂತಿತು, ಆದರೆ ಕೆಳಗಿನಿಂದ ಬೆರಳು ತಾಗಿಸಿದ ಕಡೆ ಮತ್ತೆ ಜಿನುಗಿತು. ಸಾಬೂನು ನೀರಿನಲ್ಲಿ ಅದ್ದಿ ಆಮೇಲೆ ಪಟಿಕದ ನೀರಿನಲ್ಲಿ ಅದ್ದಿದ್ದು ಚೆನ್ನಾಗಿತ್ತು, ಹಗುರವಾಗಿಯೂ ಇತ್ತು, ನಾಲ್ಕನೇ ದಿನ ಸೋತಿತು. ಅಗಸೆ ಎಣ್ಣೆಯದ್ದು ನೀರು ಬಿಡಲಿಲ್ಲ, ಆದರೆ ಅಂಟಂಟು, ವಾಸನೆ, ಮೇಲೆ ಬೂಷ್ಟು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ. ಪ್ಯಾರಾಫಿನ್ ಮೇಣ, ಸ್ವಲ್ಪ ಜೇನುಮೇಣ, ಟರ್ಪೆಂಟೈನ್ ಸೇರಿಸಿದ್ದೇ ಗೆದ್ದಿತು. ಬಿಸಿನೀರಿನ ಪಾತ್ರೆಯೊಳಗೆ ಡಬ್ಬ ಇಟ್ಟು ಮೇಣ ಕರಗಿಸಿ, ಒಲೆಯಿಂದ ದೂರ ತಂದ ಮೇಲೆಯೇ ಟರ್ಪೆಂಟೈನ್ ಹಾಕಿ. ಪ್ರಮಾಣ ಅವರವರ ಬಟ್ಟೆಗೆ ಬೇರೆ, ಸಣ್ಣ ತುಂಡಿನ ಮೇಲೆ ಮಾಡಿ ನೋಡಿಕೊಳ್ಳಿ. ಜೇನುಮೇಣ ಕಡಿಮೆಯಾದರೆ ಮಡಿಕೆಯಲ್ಲಿ ಲೇಪ ಬಿರಿಯುತ್ತದೆ.

ಕೂರಿಸುವಾಗ ಮೊದಲು ಹಗ್ಗ ಹೊಲಿದ ಮುಂದಿನ ಅಂಚನ್ನು ಗ್ಲಾಸ್ ಫ್ರೇಮಿನ ಚಾನೆಲಿನೊಳಗೆ ತೂರಿಸಿ. ಆಮೇಲೆ ಹಿಂದೆ ನಟ್ಟನಡುವೆ ಒಂದು ಪಟ್ಟಿ, ಆಮೇಲೆ ಹಿಂದಿನ ಎರಡು ಮೂಲೆ, ಕೊನೆಗೆ ಪಕ್ಕಗಳು, ಎಡಕ್ಕೊಂದು ಬಲಕ್ಕೊಂದರಂತೆ. ಟರ್ನ್ ಬಟನ್ನಿನ (ತಿರುಗಿಸಿ ಸಿಕ್ಕಿಸುವ ಗುಂಡಿ) ತೂತುಗಳನ್ನು ಮೇಜಿನ ಮೇಲೆ ಹೊಡೆಯಬಾರದು, ಬಟ್ಟೆ ಜೀಪಿನ ಮೇಲಿದ್ದಾಗಲೇ ಗುರುತಿಸಬೇಕು. ಪಿವಿಸಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಎಳೆದು ಬಿಗಿಯಬೇಕು. ಕ್ಯಾನ್ವಾಸಿಗೆ ಆ ನಿಯಮ ಉಲ್ಟಾ: ಒಣಗಿದ್ದಾಗ ಅರ್ಧ ಇಂಚು ಸಡಿಲ ಬಿಡಿ, ಮಳೆ ಬಂದಾಗ ತಾನೇ ಡೋಲಿನಂತೆ ಬಿಗಿಯುತ್ತದೆ. ಹುಡ್ಡಿನ ಒಳಗೆ ಗ್ಲಾಸ್ ಫ್ರೇಮಿನಿಂದ ಹಿಂಪೈಪಿಗೆ ಎರಡು ಇಂಚಿನ ನವಾರು ಎರಡು ಸಾಲು ಎಳೆದಿದ್ದೇನೆ. ಅದು ಪೈಪುಗಳನ್ನು ಅಲುಗಾಡದಂತೆ ಹಿಡಿಯುತ್ತದೆ, ಬಟ್ಟೆಯ ಮೇಲಿನ ಎಳೆತವೂ ಕಡಿಮೆ. 60 ಕಿಲೋಮೀಟರ್ ವೇಗದಲ್ಲಿ ಫಟಫಟ ಸದ್ದು ಬಹುತೇಕ ನಿಂತಿದೆ.

ಖರ್ಚು ನೆನಪಿದ್ದಷ್ಟು: ಬಟ್ಟೆ 3,600, ಪೈಪು ಮತ್ತು ವೆಲ್ಡಿಂಗ್ 1,800, ಹೊಲಿಗೆ ಕೂಲಿ 2,500, ಬಟನ್, ಬಕಲ್, ನವಾರು, ದಾರ ಎಲ್ಲ ಸೇರಿ 2,000, ಮೇಣ ಇತ್ಯಾದಿ 600. ಹತ್ತೂವರೆ ಸಾವಿರ. ಮೌಂಟಿನ ಖರ್ಚು ಬೇರೆ. ಬಟನ್ನುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ, ಹಿತ್ತಾಳೆಯದ್ದೇ ಕೇಳಿ ತಗೊಳ್ಳಿ. ಕಬ್ಬಿಣಕ್ಕೆ ಬರೀ ಪಾಲಿಶ್ ಮಾಡಿದ್ದು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ತಿರುಗುವುದಿಲ್ಲ.

ಒದ್ದೆ ಹುಡ್ ಯಾವತ್ತೂ ಮಡಚಿಡುವುದಿಲ್ಲ. ಪ್ರತಿ ಮೇ ತಿಂಗಳು ಹೊಲಿಗೆ ಸಾಲುಗಳಿಗೆ ಮಾತ್ರ ಇನ್ನೊಂದು ಕೈ ಮೇಣ. ಬಾಗಿಲಿನ ಪರದೆಯೂ ಗ್ಲಾಸ್ ಫ್ರೇಮೂ ಸೇರುವ ಕಡೆ ಎದುರು ಗಾಳಿಗೆ ಇನ್ನೂ ನೀರು ನುಗ್ಗುತ್ತದೆ. ಅಲ್ಲಿಗೆ ಮೂರು ಇಂಚಿನ ಮಡಿಕೆಯೊಂದನ್ನು ಹೊರಗಿನಿಂದ ಹೊಲಿಸಿ, ಅಂಚಿಗೆ ವೆಲ್ಕ್ರೊ ಹಾಕಿಸುತ್ತಿದ್ದೇನೆ.